ಚಂದ್ರಲೋಕದ ಬಾಯ್ಲರ್ ಬಗ್ಗೆ ನನ್ನ ಅಭಿಪ್ರಾಯ

ಫೆಬ್ರವರಿ 4, 2025. ಮಂಗಳವಾರ, ಬೆಳಿಗ್ಗೆ 11

ಭೀಮನಬೀಡಿನಲ್ಲಿ ಮೂರನೇ ಲೋಡ್ ಅರಿಶಿನ ಬೇಯುತ್ತಿದೆ. ಊರೂರಿಗೆ ಬಾಡಿಗೆಗೆ ಒಯ್ಯುವ ನಮ್ಮ ಬಾಯ್ಲರಿನ ಮೀಟರ್ ನೋಡಿಕೊಂಡೇ ಚಂದ್ರಲೋಕದ ಕಾದಂಬರಿ ಎರಡನೇ ಸಲ ಮುಗಿಸಿದೆ. ರಾಜರ ಕಾಲದ ನಮ್ಮ ಸೀಮೆಯವರು ತಾಮ್ರದ ಉಗಿಹಡಗು ಕಟ್ಟಿ ಚಂದ್ರಲೋಕಕ್ಕೆ ಹೋಗುತ್ತಾರೆ. ಮೇಲೆ ಸೌದೆ ಎಲ್ಲಿ ಸಿಕ್ಕಿತು ಅಂತ ಕೂಡ ಕೇಳಲಿಲ್ಲ, ಅಷ್ಟು ಖುಷಿಯಾಗಿತ್ತು. ನಕ್ಷೆ ಓದುವ ಹುಡುಗಿ ದಳವಾಯಿಗೇ ದಬಾಯಿಸುವ ಕಡೆ ಜೋರಾಗಿ ನಕ್ಕೆ.

ಆದರೆ ಪುಟ 212... ಹಡಗು ಮೇಲೇಳುತ್ತಿಲ್ಲ ಅಂತ ದಳವಾಯಿ ರುಮಾಲು ಬಿಚ್ಚಿ, ಉಗಿ ಹೆಚ್ಚಾದರೆ ಹೊರಬಿಡುವ ಸೇಫ್ಟಿ ವಾಲ್ವನ್ನು ಬಿಗಿದು ಕಟ್ಟುತ್ತಾನೆ. ಹಡಗು ಹಾರುತ್ತದೆ. ಎಲ್ಲರೂ ಜೈ ಅನ್ನುತ್ತಾರೆ. ಯಾರಿಗೂ ಒಂದು ಬೊಬ್ಬೆ ಕೂಡ ಏಳುವುದಿಲ್ಲ.

ಸುಳ್ಳು.

ಫೆ. 6

ಅಭಿಪ್ರಾಯ ಬರೆದೆ. ಒಂದೂವರೆ ಪುಟ. 16ಕ್ಕೆ ಚಾಮರಾಜನಗರದ ಓದುಗರ ಬಳಗದಲ್ಲಿ ಓದಬೇಕು, ಲೇಖಕರೂ ಬರುತ್ತಾರೆ. ಒಂದು ಪುಟ ಮೆಚ್ಚುಗೆ, ಉಳಿದರ್ಧ ವಾಲ್ವಿನದು.

ಕಳೆದ ವರ್ಷ ಹಂಗಳದಲ್ಲಿ, ನಮ್ಮದೇ ಬಾಯ್ಲರ್. ಕತ್ತಲಾಗುವುದರೊಳಗೆ ಇನ್ನೆರಡು ಡ್ರಮ್ ಅರಿಶಿನ ಆಗಿಬಿಡಲಿ ಅಂತ ನನ್ನ ಗಂಡ ಶಿವಮಲ್ಲು ವಾಲ್ವಿಗೆ ತಂತಿ ಬಿಗಿದರು. ಪೈಪ್ ಕಿತ್ತುಕೊಂಡಿತು. ಸೌದೆ ಹಾಕುತ್ತಿದ್ದ ರಾಚಮ್ಮನ ಬಲಗೈ ಭುಜದವರೆಗೆ ಬೆಂದುಹೋಯಿತು. ಊರಿಗೆಲ್ಲ ನಾವು ಹೇಳಿದ್ದು — ಪೈಪ್ ಹಳೆಯದಾಗಿತ್ತು.

ಇದನ್ನೆಲ್ಲ ಬರೆದೇ ಸುಧಾಕರ್ ಸರ್‌ಗೆ ವಾಟ್ಸಾಪಿನಲ್ಲಿ ಕಳಿಸಿದೆ. ಬಳಗ ನಡೆಸುವವರು ಅವರೇ.

ಫೆ. 8, ಮಧ್ಯಾಹ್ನ

ಸರ್ ಫೋನ್. "ಕೊನೇದು ತೆಗೆದುಬಿಡಮ್ಮ ಶಶಿರೇಖಾ. ಕಾದಂಬರಿ ಅಂದ್ರೆ ಕಲ್ಪನೆ. ಲೇಖಕರ ಮುಂದೆ ಚೆನ್ನಾಗಿರಲ್ಲ."

"ಚಂದ್ರಂಗೆ ಹೋಗಿದ್ದು ನಂಬಿದೆ ಸರ್. ವಾಲ್ವ್ ಕಟ್ಟಿ ಬದುಕಿದ್ದು ನಂಬಲ್ಲ."

"ಹಂಗಾದ್ರೆ ಓದೋರ ಪಟ್ಟೀಲಿ ನಿಮ್ಮ ಹೆಸರು ಇರಲ್ಲ."

"ಬೇಡ ಬುಡಿ. ನಾನಂತೂ ಬರ್ತೀನಿ."

ತೆಗೆಯಲ್ಲ. ಒಂದಕ್ಷರ ಕೂಡ.

ಫೆ. 12

ಅಭಿಪ್ರಾಯ ಬರೆದ ಕಾಗದ ನಮ್ಮನೆಯವರ ಕೈಗೆ ಸಿಕ್ಕಿದೆ. "ನನ್ ಮಾನ ಕಳ್ಯಕ್ಕೆ ಕತೆಬುಕ್ಕೇ ಬೇಕಾಗಿತ್ತಾ? ಇನ್ಮೇಲೆ ನಮ್ ಬಾಯ್ಲರ್ನ ಯಾರ್ ಕರೀತಾರೆ?" ಅಂದರು. ಕಾಗದಕ್ಕೆ ಕೈ ಚಾಚಿದೆ. "ತಂತಿ ತಂದ್ಕೊಟ್ಟೋಳು ನೀನು. ಅದ್ನೂ ಬರಿ ಮತ್ತೆ."

ಬರೆದೆ. ಅವರೆದುರೇ. ತಂತಿ ತಂದುಕೊಟ್ಟವಳು ನಾನೇ, ಅಂತ.

ಫೆ. 15, ಶನಿವಾರ

ರಾಚಮ್ಮನಿಗೇ ಹೇಳದೆ ಸಭೆಯಲ್ಲಿ ಓದುವುದು ಹೇಗೆ? ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಹಂಗಳಕ್ಕೆ ಹೋದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು, ಬಲಗೈ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಎಲ್ಲವನ್ನೂ ಓದಿದೆ. ತಂತಿ ಕೊಟ್ಟದ್ದನ್ನೂ.

"ಗೊತ್ತು ಕಣಮ್ಮಿ. ತಂತಿ ನಾನೂ ನೋಡಿದ್ದೆ. ನಿಮ್ ಬಾಯಿಂದ ಯಾವತ್ತು ಬತ್ತದೆ ಅಂತ ಕಾಯ್ತಿದ್ದೆ."

ಒಂದು ವರ್ಷ ಕಾದಿದ್ದಾಳೆ. ನಾಚಿಕೆಯಾಯಿತು. ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. "ನಾಳೀಕೆ ಬಸ್ಸು ಎಷ್ಟೊತ್ಗೆ? ನಾನೂ ಬತ್ತೀನಿ" ಅಂದಳು.

ಫೆ. 16, ಭಾನುವಾರ, 12.20

ಚಾಮರಾಜನಗರ. ಮೂರನೇ ಸಾಲು. ಡೈರಿ ತೊಡೆಯ ಮೇಲಿದೆ. ಏಳು ಜನ ಓದಿದರು, ಏಳೂ ಹೊಗಳಿಕೆ. ದಳವಾಯಿಯ ಶೌರ್ಯ ಅಂದ ಕೂಡಲೇ ಚಪ್ಪಾಳೆ. ಲೇಖಕರು ನಗುತ್ತಿದ್ದಾರೆ. ನನ್ನ ಹೆಸರು ಕರೆಯಲಿಲ್ಲ. ಸುಧಾಕರ್ ಸರ್ ವಂದನಾರ್ಪಣೆಗೆ ಎದ್ದಿದ್ದಾರೆ.

"ಇನ್ನೂ ಏನ್ ಬರ್ಕಂಡ್ ಕುಂತಿದ್ದೀಯೆ? ಏಳು, ಓಗನ" ಅಂದಳು ರಾಚಮ್ಮ. ಅಂದವಳೇ ಸೆರಗು ಸರಿಸಿ, ಬೆಂದ ಕೈಯನ್ನು ಎಲ್ಲರಿಗೂ ಕಾಣುವಂತೆ ಬಿಟ್ಟುಕೊಂಡು ಮೈಕಿನ ಕಡೆ ಹೊರಟೇಬಿಟ್ಟಳು. ಸರ್ ಮಾತು ನಿಂತಿದೆ. ಅವಳು ಮೈಕಿನ ಹತ್ತಿರ ನಿಂತು ನನ್ನತ್ತ ನೋಡುತ್ತಿದ್ದಾಳೆ.

ಬಂದೆ ರಾಚಮ್ಮ, ಬಂ—