ನಾಲ್ಕು ನಿಮಿಷ, ಆಮೇಲೆ ಉಗುಳಬೇಕು

ಜುಲೈ 14, ಸೋಮವಾರ

ಇವತ್ತು ಹನ್ನೊಂದು ಬಾಯಿ. ಒಂಬತ್ತು ಕ್ಲೀನಿಂಗ್, ಎರಡು ಫ್ಲೋರೈಡ್. ಊಟಕ್ಕೆ ಕುಳಿತರೆ ಕೈಯೆಲ್ಲ ಸ್ಟ್ರಾಬೆರಿ ವಾಸನೆ. ಉಪ್ಪಿನಕಾಯಿಯೂ ಸ್ಟ್ರಾಬೆರಿ.

ರಿಟೈರ್ಡ್ ತಹಸೀಲ್ದಾರರು ಬಂದಿದ್ದರು. ವಸಡು ಇಳಿದು ಬೇರು ಕಾಣುತ್ತದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದಂತೆ. ಹಲ್ಲಿನ ಸಾಲಿಗೆ ಕೂರುವ ಟ್ರೇಗೆ ಸ್ಟ್ರಾಬೆರಿ ವಾಸನೆಯ ಫ್ಲೋರೈಡ್ ಜೆಲ್ ಹಾಕಿ ಕಚ್ಚಿಸಿದೆ. "ಸಣ್ಣ ಮಕ್ಕಳ ಔಷಧ ನನಗ್ಯಾಕಮ್ಮ?" ಹಲ್ಲಿಗೆ ವಯಸ್ಸಿಲ್ಲ ಸಾರ್, ಮೇಲಿನ ಪದರ ಗಟ್ಟಿಯಾಗುತ್ತದೆ ಎಂದೆ. ಈ ಮನುಷ್ಯನಿಗೆ ಹಲ್ಲೂ ಇದೆ, ಕಡಲೆಯೂ ಇದೆ. ದೇವರು ಕೆಲವರಿಗೆ ಗಾದೆ ತಪ್ಪಿಸಿ ಕೊಡುತ್ತಾನೆ.

ಹಾರಿಕಾ ಕೆಲಸಕ್ಕೆ ಸೇರಿ ಮೂರು ವಾರ. ಮತ್ತೆ ಪಾಠ ಹೇಳಿದೆ. ಹಾಕಿಸಿಕೊಳ್ಳುವವರು ಹೊಟ್ಟೆಗೆ ತಿಂದು ಬಂದಿರಬೇಕು, ಖಾಲಿ ಹೊಟ್ಟೆಗೆ ಜೆಲ್ ಸೇರಿದರೆ ಬೇಗ ಏರುತ್ತದೆ. ಟ್ರೇ ತುಂಬ ಜೆಲ್ ಬೇಡ, ತಳ ಮುಚ್ಚಿದರೆ ಸಾಕು. ತಲೆ ಮುಂದಕ್ಕೆ ಬಗ್ಗಿರಬೇಕು, ಎಂಜಲು ಎಳೆಯುವ ಸಕ್ಷನ್ ಪೈಪ್ ಬಾಯಲ್ಲಿರಬೇಕು. ನಾಲ್ಕು ನಿಮಿಷ, ಆಮೇಲೆ ಪೂರ್ತಿ ಉಗುಳಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಜೆಲ್ ಬೇಡವೇ ಬೇಡ. ಅವರಿಗೆ ಫ್ಲೋರೈಡ್ ವಾರ್ನಿಷ್. ಬ್ರಶ್ಶಿನಲ್ಲಿ ಒಂದು ಹನಿ ಬಳಿದರೆ ಹಲ್ಲಿಗೇ ಅಂಟುತ್ತದೆ.

"ನುಂಗಿದ್ರ ಏನಾಗತೈತಕ್ಕ?"

"ಚೂರು ನುಂಗಿದರ ಹೊಟ್ಟಿ ತೊಳಸತೈತಿ. ಭಾಳ ನುಂಗಿದ್ದು ನಾ ನೋಡಿಲ್ಲ."

ಹದಿನಾಲ್ಕು ವರ್ಷ ಈ ಕೆಲಸ. ನಿಜವಾಗಿಯೂ ನೋಡಿಲ್ಲ.

ಜುಲೈ 17, ಗುರುವಾರ

ನಮ್ಮ ಕ್ಲಿನಿಕ್ಕಿನ ನಾಗಭೂಷಣ ಡಾಕ್ಟರಿಗೆ ಇವತ್ತು ಬಲು ಹುರುಪು. ಯಾವುದೋ ಟ್ರಸ್ಟಿನವರು ಜೆಲ್ ಕಳಿಸಿದ್ದಾರೆ, ನಾಲ್ಕು ಪೆಟ್ಟಿಗೆ. ಹಳ್ಳಿ ಶಾಲೆಗಳಲ್ಲಿ ಕ್ಯಾಂಪ್. ಪ್ರತಿ ಮಗುವಿಗೂ ಒಂದು ಸಾಲು ರಿಜಿಸ್ಟರಿನಲ್ಲಿ — ಹೆಸರು, ವಯಸ್ಸು, ಹುಳುಕು ಎಷ್ಟು, ಊಟ ಆಗಿದೆ, ಜೆಲ್ ಹಾಕಿದೆ, ಉಗುಳಿದೆ. ಮುಂದೆ ಟಿಕ್.

ಸಕ್ಷನ್? ಕೇಳಿದೆ.

"ಹಳ್ಯಾಗ ಎಲ್ಲಿ ಸಕ್ಷನ್ ತರ್ಲಿ ಶೋಭಾರಾಣಿ? ಬಕೆಟ್ ಇಡ್ರಿ, ಉಗುಳ್ತಾರ."

ಐದು ವರ್ಷದವರಿಗೆ ವಾರ್ನಿಷ್? ಅದು ಟ್ರಸ್ಟಿನವರು ಕೊಟ್ಟಿಲ್ಲವಂತೆ. ಕ್ಲಿನಿಕ್ಕಿನದು ಕ್ಲಿನಿಕ್ಕಿಗೆ. ದೇವರು ಕೊಟ್ಟರೂ ಪೂಜಾರಿ ಕೊಡ.

ಜುಲೈ 22, ಮಂಗಳವಾರ. ಸಂಜೆ

ಮೊದಲ ಕ್ಯಾಂಪ್, ಆಸ್ಪರಿ ಕಡೆ. ಎಪ್ಪತ್ತೊಂದು ಮಕ್ಕಳು. ಒಂದು ಬಕೆಟ್.

ಟಿಕ್‌ಗಳನ್ನು ಜೀಪಿನಲ್ಲೇ ಹಾಕಿಬಿಟ್ಟೆವು, ಹೋಗುವ ದಾರಿಯಲ್ಲಿ. ಊಟ ಆಗಿದೆ, ಹಾಕಿದೆ, ಉಗುಳಿದೆ. ಹಿಂದಿನ ತಪಾಸಣೆ ಕ್ಯಾಂಪುಗಳಲ್ಲೂ ಹೀಗೇ. ಅಲ್ಲಿ ಗಲಾಟೆಯಲ್ಲಿ ಬರೆಯಲು ಕೈಗೆ ಎಲ್ಲಿ ಬಿಡುವು?

ಮೂರು ಮಕ್ಕಳು ವಾಂತಿ ಮಾಡಿಕೊಂಡವು. ಗುಲಾಬಿ ಬಣ್ಣದ ವಾಂತಿ. ಹೆಡ್‌ಮಾಸ್ಟರ್ ಮನೆಯಿಂದ ಹಾಲು ತರಿಸಿ ಕುಡಿಸಿದೆ, ಹೊಟ್ಟೆಯಲ್ಲಿ ಫ್ಲೋರೈಡನ್ನು ಅದು ಹಿಡಿದಿಡುತ್ತದೆ. ಸುಮ್ಮನಾದವು. ರಿಜಿಸ್ಟರಿನ ಅಂಚಿನಲ್ಲಿ "ವಾಂತಿ — 3" ಎಂದು ಬರೆದೆ. ಡಾಕ್ಟರು ನೋಡಿದರು. "ಟ್ರೇ ಗಂಟಲಿಗೆ ತಾಗಿದ್ರ ಯಾರಾದ್ರೂ ಕಾರ್ತಾರ. ಹೊಡೆದುಹಾಕು."

ಹೊಡೆದುಹಾಕಿದೆ.

ಜುಲೈ 24, ಗುರುವಾರ

ಎರಡನೇ ಕ್ಯಾಂಪ್. ಬಕೆಟ್ಟಿನ ಮೇಲೆ ಕಣ್ಣಿಟ್ಟೆ. ಐವತ್ತು ಮಕ್ಕಳು ಉಗುಳಿದರೆ ಇಷ್ಟೇನಾ? ತಳ ಕೂಡ ಮುಚ್ಚಿಲ್ಲ. ಸಿಹಿ ಇದೆ, ನುಂಗುತ್ತವೆ. ಒಂದು ಹುಡುಗಿ ಮತ್ತೆ ಸಾಲಿನ ಕೊನೆಗೆ ಬಂದು ನಿಂತಿದ್ದಳು, ಇನ್ನೊಂದು ಸಲ ಹಾಕಿಸಿಕೊಳ್ಳಲು. ನಕ್ಕು ಕಳಿಸಿದೆ. ಆಮೇಲೆ ನಗು ಬರಲಿಲ್ಲ.

ಡಾಕ್ಟರಿಗೆ ಹೇಳಿದೆ. ಫೋನ್ ನೋಡುತ್ತ "ಹ್ಞೂಂ" ಎಂದರು. ಹಾರಿಕಾ ಕಿವಿಯಲ್ಲಿ, "ಯಾಕಕ್ಕ ಬಾಯಿ ಕೆಡಿಸಿಕೊಳ್ತೀಯ? ಹಾಕೋದು ನಮ್ಮ ಕೆಲಸ, ಉಗುಳೋದು ಅವರ ಕೆಲಸ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು. ನಾನಂತೂ ಅಲ್ಲ ಅಂತ ಗೊತ್ತಾಯಿತು ಇವತ್ತು.

ಜುಲೈ 30, ಬುಧವಾರ

ಆರು ದಿನ ಬರೆಯಲಿಲ್ಲ. ಬರೆದರೆ ಆ ಹೊಡೆದುಹಾಕಿದ ಗೆರೆಯ ಬಗ್ಗೆ ಬರೆಯಬೇಕಾಗುತ್ತಿತ್ತು.

ಇವತ್ತು ಪಟ್ಟಿ ಬಂತು. ಸೋಮವಾರ ನಮ್ಮ ಊರು. ಕೋಸಗಿ ಸ್ಟೇಷನ್‌ನಿಂದ ಎಂಟು ಕಿಲೋಮೀಟರ್, ನಾನು ಹುಟ್ಟಿದ ಊರು. ಅವ್ವ ಅಲ್ಲೇ ಇದ್ದಾಳೆ, ತಂಗಿಯ ಮಗಳು ಚಂದನಾ ಅವಳ ಹತ್ತಿರ. ತಂಗಿ, ಅವಳ ಗಂಡ ನರೇಶ ಇಬ್ಬರೂ ಹೈದರಾಬಾದಿನಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ. ಮಗಳನ್ನು ನನ್ನ ಮೇಲೆ ಹಾಕಿ ಹೋಗಿದ್ದಾಳೆ ತಂಗಿ — "ಅವ್ವಗ ವಯಸ್ಸಾತು, ನೀ ನೋಡ್ಕೋ" ಎಂದು.

ಚಂದನಾಗೆ ಐದು. ಶಾಲೆಯಲ್ಲಿ ಆರು. ನಮ್ಮೂರಿನ ಮಕ್ಕಳೆಲ್ಲ ಜೂನ್ ಒಂದನೇ ತಾರೀಖಿಗೇ ಹುಟ್ಟಿದವರು, ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದ ಹಾಗೆ.

ಅವ್ವನಿಗೆ ಫೋನ್ ಮಾಡಿದೆ. ಖುಷಿಯ ಜೊತೆ ಒಂದು ಕೊಕ್ಕೆ.

"ನಮ್ಮ ಬೋರಿನ ನೀರಾಗ ಫ್ಲೋರೈಡ್ ಜಾಸ್ತಿ ಐತಿ, ಅದಕ್ಕ ನಿನ್ನ ಹಲ್ಲು ಕಂದ್ಯಾವ ಅಂತ ನೀನಾ ಹೇಳಿದ್ದಿ. ಈಗ ಅದನ್ನಾ ತಂದು ಕೂಸುಗಳ ಬಾಯಾಗ ಹಾಕ್ತೀರಿ?"

ಸಣ್ಣಂದಿನಿಂದ ದಿನಾ ಕುಡಿಯೋದು ಬೇರೆ ಅವ್ವ, ಆರು ತಿಂಗಳಿಗೊಮ್ಮೆ ಮೇಲೆ ಹಚ್ಚೋದು ಬೇರೆ, ಎಂದೆ.

"ಹಚ್ಚಿದ್ದು ಹಲ್ಲಿನ ಮ್ಯಾಲ ಸುಮ್ಮನ ಕುಂದರತೈತೇನು?"

ಚಂದನಾಗೆ ಫೋನ್ ಕೊಡು ಎಂದೆ.

ಆಗಸ್ಟ್ 2, ಶನಿವಾರ

ಕ್ಲಿನಿಕ್ಕಿನ ಕಪಾಟಿನಿಂದ ವಾರ್ನಿಷ್ ತೆಗೆದುಕೊಂಡೆ. ಒಂದೇ ಒಂದು ಪೊಟ್ಟಣ. ಒಂದು ಮಗುವಿಗೆ ಸಾಕು.

ಕಳ್ಳತನ ಅನ್ನಿಸಲಿಲ್ಲ. ಆ ಜೆಲ್ ಚಂದನಾಳ ಬಾಯಿಗೆ ಹೋಗಬಾರದು — ಅಷ್ಟೇ ತಲೆಯಲ್ಲಿದೆ. ಊರಿನಲ್ಲಿ ಅವಳ ವಯಸ್ಸಿನವು ಇನ್ನೂ ಎಂಟೋ ಹತ್ತೋ ಇವೆ. ಪಕ್ಕದ ಮನೆ ದಸ್ತಗಿರಮ್ಮನ ಮೊಮ್ಮಗ ಸುಂಕೇಶ ಇದ್ದಾನೆ. ಇವಳ ಜೋಡಿ, ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಅವನಿಗೂ ಒಂದು ತೆಗೆಯಬಹುದಿತ್ತು. ಎರಡು ಕಡಿಮೆಯಾದರೆ ಡಾಕ್ಟರಿಗೆ ಗೊತ್ತಾಗುತ್ತದೆ.

ನಾಚಿಕೆಯಾಗುತ್ತದೆ. ಆದರೂ ಒಂದೇ ತೆಗೆದೆ.

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 8.15

ಊರಲ್ಲಿದ್ದೇನೆ. ಮೊದಲ ಬಸ್ಸಿಗೆ ಬಂದೆ. ಹಾರಿಕಾ ಜೀಪಿನಲ್ಲಿ ಒಂಬತ್ತಕ್ಕೆ.

ಚಂದನಾಗೆ ಮನೆಯಲ್ಲೇ ಬಳಿದೆ. ಹಳದಿ, ಅಂಟಂಟು. "ಕಹಿ ಐತಿ ದೊಡ್ಡವ್ವ. ಎಲ್ಲಾರಿಗೂ ಕೆಂಪಂದು ಅಂತಲ್ಲ, ಸಿಹೀದು." ನಿನಗೆ ಇದು ಸ್ಪೆಷಲ್ ಎಂದು ಮುದ್ದು ಮಾಡಿದೆ. ಮುಖ ಊದಿಸಿಕೊಂಡೇ ಹೋದಳು.

ಮನೆಯಲ್ಲಿ ಒಲೆ ಹಚ್ಚಿಲ್ಲ. ಆಗ ತಟ್ಟಿತು. ಶ್ರಾವಣ ಸೋಮವಾರ. ಈರಣ್ಣಸ್ವಾಮಿ ಒಪ್ಪತ್ತು. ಸಂಜೆ ದೀಪ ಹಚ್ಚುವ ತನಕ ಊರಿನಲ್ಲಿ ಯಾರೂ ತಿನ್ನುವುದಿಲ್ಲ, ಮಕ್ಕಳೂ ಹಟ ಹಿಡಿದು ಕೂರುತ್ತವೆ. ಹದಿನೈದು ವರ್ಷ ಆದೋನಿಯಲ್ಲಿದ್ದು ಊರಿನ ಸೋಮವಾರವನ್ನೇ ಮರೆತೆನಲ್ಲ. ಡಾಕ್ಟರಿಗೆ ಫೋನ್ ಮಾಡಿದೆ, ಮುಂದೆ ಹಾಕೋಣ ಎಂದೆ. ಟ್ರಸ್ಟಿನವರು ಫೋಟೋ ತೆಗೆಯಲು ಹೊರಟಾಗಿದೆಯಂತೆ.

10.05

ಶಾಲೆಯ ಚಾವಣಿ ರಿಪೇರಿ. ಕ್ಯಾಂಪ್ ಗುಡಿಯ ಕಟ್ಟೆಯ ಮೇಲೆ. ಬಕೆಟ್ ಇಟ್ಟೆ. ಪೂಜಾರಿ ವೆಂಕಟಪ್ಪ ಬಂದು ಎತ್ತಿ ಹೊರಗಿಟ್ಟ.

"ಸ್ವಾಮಿ ಕಟ್ಟಿ ಮ್ಯಾಲ ಎಂಜಲು ಉಗುಳತಾರೇನವಾ? ಅದೂ ಒಪ್ಪತ್ತಿನ ದಿನ. ಊರ ಮಗಳಾಗಿ ನಿನಗ ನಾ ಹೇಳಬೇಕಾ?"

ಬೀದಿಗೆ ಹೋಗಿ ಉಗುಳಿ ಬನ್ನಿ ಎಂದು ಮಕ್ಕಳಿಗೆ ಹೇಳಿದೆ. ತಲೆ ಆಡಿಸಿದವು. ಬಾಯಿ ಮುಚ್ಚಿಕೊಂಡು ಮೆಟ್ಟಿಲ ತನಕ ಹೋಗುತ್ತವೆ, ಖಾಲಿ ಬಾಯಿ ತೋರಿಸಿ ವಾಪಸ್ ಬರುತ್ತವೆ. ಹೊಸಿಲಲ್ಲಿ ಕೂತ ಮುದುಕಿಯರು ಬೇರೆ — "ಡಾಕ್ಟ್ರು ಕೊಟ್ಟ ಔಷಧ, ಚೆಲ್ಲಬ್ಯಾಡ್ರೋ."

ಸುಂಕೇಶನ ಟ್ರೇ ನನ್ನ ಕೈಯಿಂದಲೇ. ಕಡಿಮೆ ಹಾಕಿದೆ ಅಂದುಕೊಂಡಿದ್ದೇನೆ.

12.40, ಆದೋನಿ

ಆಸ್ಪತ್ರೆಯ ಬೆಂಚು. ನಿಧಾನವಾಗಿ ಬರೆಯಬೇಕು.

ಹನ್ನೊಂದರ ಹೊತ್ತಿಗೆ ಸುಂಕೇಶ ಕಾರಿಕೊಂಡ. ಒಂದು ಸಲ, ಮೂರು ಸಲ, ಆಮೇಲೆ ಬರೀ ನೊರೆ. ಹಾಲು ಕೇಳಿದೆ. ಒಪ್ಪತ್ತಿನಲ್ಲಿ ಬೇಡ, ಸ್ವಾಮಿ ಸಿಟ್ಟಾಗ್ಯಾನ, ತೀರ್ಥ ಕೊಡ್ರಿ ಅಂದರು ಯಾರೋ. ಹುಡುಗನನ್ನು ಎತ್ತಿಕೊಂಡು, ದಸ್ತಗಿರಮ್ಮನನ್ನು ಕರೆದುಕೊಂಡು ಆಟೋ ಹತ್ತಿದೆ. ಹಾರಿಕಾ "ಉಳಿದವರಿಗೆ ಏನ್ ಮಾಡ್ಲಕ್ಕ?" ಎಂದು ಕೂಗಿದಳು. ಡಾಕ್ಟರಿಗೆ ಕೇಳು ಎಂದೆ. ನಿಲ್ಲಿಸು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ? ಚಂದನಾ ಸಾಲಿನಲ್ಲಿರಲಿಲ್ಲ, ಅದಕ್ಕೇ. ಇದನ್ನು ಬೇರೆ ಯಾರಿಗೂ ಹೇಳಲಾರೆ.

ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು, ತೆಲುಗು. ಬಾಬು ಏಮಿ ತಿನ್ನಾಡು, ಹುಡುಗ ಏನು ತಿಂದ, ಎಂದು ಕೇಳಿದರು. ದಸ್ತಗಿರಮ್ಮ, "ಏನೂ ತಿಂದಿಲ್ಲಪ್ಪಾ, ಒಪ್ಪತ್ತು." ಹೊಟ್ಟೆ ಖಾಲಿ, ಬಿಸಿಲು ಅಂದುಕೊಂಡು ಸಲೈನ್ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಷ್ಟರಲ್ಲಿ ನಾಗಭೂಷಣರ ಫೋನ್.

"ಬಿಸಿಲಿಗೆ ಅಂತ ಹೇಳು. ಜೆಲ್ ಮಾತು ತೆಗಿಬ್ಯಾಡ. ರಿಜಿಸ್ಟರಿನಾಗ 'ಉಗುಳಿದೆ' ಅಂತ ಟಿಕ್ ಹಾಕಿದ್ದು ನಿನ್ನ ಕೈ, ನೆನಪಿರಲಿ."

ನಿಜ. ಐವತ್ತೆಂಟು ಟಿಕ್. ನಿನ್ನೆಯೇ ಹಾಕಿಟ್ಟಿದ್ದೆ.

2.20

ಹೇಳಿಬಿಟ್ಟೆ.

ಒಂದೂವರೆ ಗಂಟೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ದಸ್ತಗಿರಮ್ಮ ನನ್ನ ಕೈ ಹಿಡಿದು, "ನಮ್ಮೂರ ಹುಡುಗಿ ಜೊತಿಗಿದ್ದಿ, ನನಗ ಧೈರ್ಯ ಐತಿ" ಎಂದಳು. ಅದೇ ಹೊತ್ತಿಗೆ ಸುಂಕೇಶನ ಬೆರಳು ಒಳಕ್ಕೆ ಸೆಟೆದುಕೊಂಡವು. ಓಡಿದೆ. ಚೀಲದಲ್ಲಿದ್ದ ಜೆಲ್ ಬಾಟಲಿ ಡಾಕ್ಟರ ಕೈಗೆ ಕೊಟ್ಟೆ, ಲೇಬಲ್ ತೋರಿಸಿದೆ. ನುಂಗಿದ್ದಾನೆ ಸಾರ್, ನಾನೇ ಹಾಕಿದ್ದು ಎಂದೆ. ಅವರು ಬೈಯಲಿಲ್ಲ. ಫ್ಲೋರೈಡಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ, ಸೆಟೆಯುವುದು ಅದಕ್ಕೇ ಎಂದವರೇ ಕ್ಯಾಲ್ಸಿಯಂ ಇಂಜೆಕ್ಷನ್ ತರಿಸಿದರು. ಎದೆಗೆ ವೈರು ಹಚ್ಚಿ, ಮಾನಿಟರ್ ನೋಡುತ್ತ ನಿಧಾನಕ್ಕೆ ಕೊಟ್ಟರು.

ಇಪ್ಪತ್ತು ನಿಮಿಷ. ಬೆರಳು ಬಿಚ್ಚಿದವು. ಅಜ್ಜಿಯನ್ನು ಕೇಳಿದ. ದಸ್ತಗಿರಮ್ಮ ನನ್ನ ಮುಖ ನೋಡುತ್ತಿಲ್ಲ. ನೋಡಬಾರದು.

"ಇನ್ನೂ ಎಷ್ಟು ಮಕ್ಕಳು?" ಡಾಕ್ಟರು ಕೇಳಿದರು. ಈಗ ಹಾರಿಕಾಗೆ ಫೋನ್ ಮಾಡುತ್ತೇನೆ.

2.45

ನಡುವೆ ನಿಲ್ಲಿಸಬೇಡ, ಪಟ್ಟಿ ಮುಗಿಸು ಎಂದರಂತೆ ನಾಗಭೂಷಣ. ಹನ್ನೆರಡೂವರೆಗೆ ಮುಗಿಸಿದ್ದಾಳೆ. ಹಾರಿಕಾ ಅಳುತ್ತಿದ್ದಳು. ಆರು ಮಕ್ಕಳಿಗೆ ವಾಂತಿ.

"ಅಕ್ಕಾ, ಐವತ್ತೆಂಟಲ್ಲ. ಐವತ್ತೊಂಬತ್ತು."

ಯಾರು ಎಂದೆ.

"ನಿಮ್ಮವ್ವ ಕರಕೊಂಡು ಬಂದ್ರು."

2.55

ಅವ್ವ ಫೋನ್ ಎತ್ತಿದಳು. ನಾನು ಕೂಗಿದೆನೇನೋ, ಬೆಂಚಿನವರೆಲ್ಲ ತಿರುಗಿ ನೋಡಿದರು.

"ಎಲ್ಲಾ ಮಕ್ಳು ಸಾಲಾಗಿ ಕುಂತಾವ, ನಮ್ಮ ಕೂಸು ಕಂಬ ಹಿಡಕೊಂಡು ಅಳಾಕ ಹತ್ತಿತ್ತು. ಪಂಕ್ತಿಯಾಗ ಒಬ್ಬರನ್ನ ಬಿಟ್ಟು ಬಡಿಸಬಾರದು ಶೋಭಾ, ದೇವರ ಕಟ್ಟಿ ಅದು. ಅದಕ್ಕ ನಾನಾ ಕುಂದರಿಸಿ ಹಾಕಿಸಿದೆ. ಆ ಹುಡುಗಿ ಪಾಪ, ಶೋಭಕ್ಕನ ಮಗಳು ಅಂತ ಟ್ರೇ ತುಂಬ ಹಾಕಿದಳು."

ಉಗುಳಿದಳಾ?

"ಉಗುಳಾಕ ಬಿಡತೀನೇನು ನಾನು."

ಈಗ ಎಲ್ಲಿ?

"ಎರಡು ಸಲ ಕಾರಿಕೊಂಡು ಮಲಗ್ಯಾಳ. ಒಪ್ಪತ್ತಿನ ಸುಸ್ತು."

ಹಾಲು ಕುಡಿಸು, ಈಗಲೇ, ದೇವರ ಹೆಸರು ಎತ್ತಬೇಡ ಎಂದೆ. ಡ್ಯೂಟಿ ಡಾಕ್ಟರು 108ಕ್ಕೆ ತಾವೇ ಹೇಳಿದರು. ಕೋಸಗಿಯಿಂದ ಒಂದು ಗಾಡಿ ಹೊರಟಿತು, ಆದೋನಿಯಿಂದ ಎರಡು. ಎಲ್ಲರನ್ನೂ ತರುತ್ತಾರೆ. ಚಂದನಾ ಮೊದಲ ಗಾಡಿಯಲ್ಲಿ.

3.35

ತಂಗಿಗೆ ಇನ್ನೂ ಫೋನ್ ಮಾಡಿಲ್ಲ. ಏನಂತ ಮಾಡಲಿ. ಒಂದೂವರೆ ಗಂಟೆ ಮುಂಚೆ ಬಾಯಿ ಬಿಟ್ಟಿದ್ದರೆ ಇಷ್ಟೊತ್ತಿಗೆ ಚಂದನಾ ಇಲ್ಲಿ ಇರುತ್ತಿದ್ದಳು, ಸುಂಕೇಶನ ಪಕ್ಕದ ಮಂಚದಲ್ಲಿ.

ಗಾಡಿ ಕೋಸಗಿ ದಾಟಿದೆ. ಅವ್ವ ಒಳಗಿನಿಂದ ಮಾತಾಡಿದಳು. ಹಾಲು ಇಳಿಯಿತಾ ಎಂದೆ.

"ಬಾಯಾ ಬಿಡವಲ್ಲಳು ಶೋಭಾ. ಹಲ್ಲು ಕಚ್ಚಿಕೊಂಡಾಳ. ಚಮಚ ಹೋಗವಲ್ದು."

ಇಪ್ಪತ್ತು ಹಲ್ಲು. ಒಂದೂ ಹುಳುಕಿಲ್ಲ. ಬೆಳಿಗ್ಗೆ ಎಣಿಸಿದ್ದೆ, ಮುಖ ಊದಿಸಿಕೊಂಡಿದ್ದಳು, ಬಾಯಿ ತೆಗಿ ಬಂಗಾರ ಅಂದ ಕೂಡಲೇ ಅಗಲಕ್ಕೆ ತೆರೆದಿದ್ದಳು.