ಒಂದೇ ಥಾನಿನ ಎರಡು ತಾಡಪತ್ರಿ

ನನ್ನ ನೆಗೆಣ್ಣಿ ಶರಣಮ್ಮನಿಗೆ,

ನೀನು ಹೋದ ಮೇಲೆ ಇದು ಮೊದಲ ಸುಗ್ಗಿ. ನಾನು ಹೈಸ್ಕೂಲು ಓದಿದವಳು, ಸತ್ತವರಿಗೆ ಕಾಗದ ಮುಟ್ಟುವುದಿಲ್ಲ ಎನ್ನುವಷ್ಟು ತಿಳಿವಳಿಕೆ ನನಗಿದೆ. ಆದರೂ ಬರೆಯುತ್ತಿದ್ದೇನೆ. ಈ ಮಾತನ್ನು ಬದುಕಿರುವ ಯಾರ ಮುಂದೆಯೂ ಆಡಲು ನನಗೆ ಮನಸ್ಸಿಲ್ಲ.

ಅಣ್ಣತಮ್ಮಂದಿರು ಬೇರೆಯಾದ ವರ್ಷ ನೆನಪಿದೆಯೇ? ಭತ್ತದ ರಾಶಿಗೆ ಹೊದಿಸಲೆಂದು ನಮ್ಮತ್ತಿ ಸಿಂಧನೂರು ಪೇಟೆಯಿಂದ ದಪ್ಪ ಕ್ಯಾನ್ವಾಸು ತರಿಸಿ, ಒಂದೇ ಥಾನಿನಲ್ಲಿ ಎರಡು ತಾಡಪತ್ರಿ ಹೊಲಿಸಿದರು. "ನಾಳೆ ಹೆಚ್ಚು ಕಡಿಮಿ ಅಂತ ಯಾರೂ ನನ್ನ ಮುಂದ ಬರಬ್ಯಾಡ್ರಿ" ಎಂದು ನಿನಗೊಂದು ನನಗೊಂದು ಕೊಟ್ಟರು. ಬಟ್ಟೆ ಒಂದೇ, ಹೊಲಿಗೆ ಒಂದೇ, ನಮ್ಮಿಬ್ಬರ ಅಂಗಳದ ನಡುವೆ ಎದೆಮಟ್ಟದ ಒಂದು ಗೋಡೆ. ಹಾಗಿದ್ದ ಮೇಲೆ ನನ್ನದರ ತುಂಬ ಕರಿ ಬೂಷ್ಟು ಎದ್ದು, ನಿನ್ನದು ಮಾತ್ರ ಹೊಸದರಂತೆ ಹೇಗೆ ಉಳಿಯಿತು ಶರಣಮ್ಮ?

ನೀನು ಮೊದಲ ಸಲ ಮೇಣ ಕರಗಿಸಿದ ಮಧ್ಯಾಹ್ನ ನಾನು ಗೋಡೆಯಾಚೆ ನಿಂತಿದ್ದೆ.

"ಏನವಾ, ಅಡಗಿ ಬಿಟ್ಟು ಇದೇನ ಕಾಸಾಕತ್ತೀ? ನಾತ ನಮ್ಮ ಪಡಸಾಲಿತನಾ ಬಂದೈತಿ."

"ಅಗಸಿ ಎಣ್ಣಿ, ಜೇನಮೇಣ ರೀ ಅಕ್ಕಾರ. ನಮ್ಮಪ್ಪನ ದೋಣಿ ಹೊದಿಕಿಗೆ ಹಿಂಗ ಹಚ್ತಿದ್ವಿ. ನಿಮ್ಮದೂ ಕೊಡ್ರಿ, ಹಚ್ಚಿ ಕೊಡ್ತೀನಿ."

"ನಮ್ಮ ಮನ್ಯಾಗ ದೋಣಿ ಇಲ್ಲವಾ" ಎಂದು ನಾನು ಒಳಗೆ ಹೋದೆ. ನೀನು ಲಿಂಗಸುಗೂರು ಕಡೆಯ ಹೊಳೆದಂಡೆಯವಳು. ನಿಮ್ಮ ತಂದೆಗೆ ನಡುಗಡ್ಡೆಯಲ್ಲಿ ಹೊಲ, ಹೋಗಿ ಬರಲು ದೋಣಿ. ನಾನು ಮಸ್ಕಿಯ ಅಂಗಡಿ ಮನೆತನದ ಮಗಳು, ಈ ಮನೆಯ ಹಿರಿಯ ಸೊಸೆ. ನಿನ್ನಿಂದ ಕಲಿಯುವುದು ನನಗೇನಿತ್ತು?

ಮಹಾನವಮಿ ಬಂದಾಗಲೆಲ್ಲ ಊರಿನ ಕೌದಿ, ಹಾಸಿಗೆ, ಅರಿವೆಯೆಲ್ಲ ಬಂಡಿ ಏರಿ ಕಾಲುವೆಗೆ ಹೋಗುತ್ತಿದ್ದವಲ್ಲ, ನಾನು ತಾಡಪತ್ರಿಯನ್ನೂ ಒಯ್ದು, ಸೋಡಾ ಹಾಕಿ, ಕಲ್ಲಿಗೆ ಬಡಿಸಿ ಬೆಳ್ಳಗೆ ಮಾಡಿಸುತ್ತಿದ್ದೆ. ನೀನು ಮಾತ್ರ ನಿನ್ನದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ. "ಒಗದ್ರ ಅದರ ಜೀವಾ ಹೋಗ್ತೈತ್ರಿ ಅಕ್ಕಾರ" ಎನ್ನುತ್ತಿದ್ದೆ. "ಹಬ್ಬಕ್ಕೂ ನೀರು ಕಾಣದ ಅರಿವಿ ಐತಿ ಆ ಮನ್ಯಾಗ" ಎಂದು ನಾನು ನಾಲ್ಕು ಹೆಂಗಸರಿಗೆ ಕೇಳುವಂತೆ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಕೊಳೆ ಅಂದರೆ ಕೊಳೆಯೇ.

ಆದರೆ ಮೂರು ದಿನ ಬಿಡದೆ ಹೊಡೆದ ಆ ಅಕಾಲದ ಮಳೆ! ನಾಲ್ಕನೆಯ ದಿನ ಬೆಳಿಗ್ಗೆ ನನ್ನ ರಾಶಿಯಿಂದ ಹಬೆ ಏಳುತ್ತಿತ್ತು, ಭತ್ತ ಮೊಳಕೆಗೆ ಬಂದಿತ್ತು. ಅತ್ತಿ ನಿನ್ನ ಅಂಗಳಕ್ಕೆ ಹೋಗಿ ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿ ತೆಗೆದರು. ಕೈಗೆ ಧೂಳು ಹತ್ತಿತ್ತು, ಹಸಿ ಹತ್ತಿರಲಿಲ್ಲ. "ಹೊಳಿದಂಡಿ ಹುಡುಗಿ ಮನಿ ಉಳಿಸಿದ್ಲು" ಎಂದರು. ಅವರು ಹಾಸಿಗೆ ಹಿಡಿದಾಗ ಬಾಯಿಗೆ ಗಂಜಿ ಹಾಕಿದವಳು ನಾನು. ನನ್ನ ಬಗ್ಗೆ ಅಂಥ ಒಂದು ಮಾತು ಅವರ ಬಾಯಿಂದ ಎಂದಾದರೂ...

ನಿನ್ನ ಕೈ ನೋಡುತ್ತಾ ನಾನು ಎಷ್ಟು ಮಧ್ಯಾಹ್ನ ಕಳೆದೆನೋ, ನಿನಗೆ ಗೊತ್ತಿತ್ತೇ? ಬೂಷ್ಟು ಕಂಡ ಕಡೆ ನೀರು ಮುಟ್ಟಿಸದೆ, ಮೊದಲು ಬಿಸಿಲಿಗೆ ಹಾಕಿ ನಾರಿನ ಬ್ರಷ್ಷಿನಿಂದ ಉದುರಿಸುತ್ತಿದ್ದೆ. ಉಳಿದ ಕಲೆಗೆ ಲಿಂಬೆರಸ, ಉಪ್ಪು. ಒದ್ದೆ ಬಟ್ಟೆಯಿಂದ ಒರೆಸಿ, ಎರಡೂ ಮಗ್ಗುಲು ಒಣಗಿದ ಮೇಲೆಯೇ ಮೇಣ. ಕುದಿನೀರಿನ ಬೋಗುಣಿಯಲ್ಲಿ ಚಿಕ್ಕ ಪಾತ್ರೆ ಇಟ್ಟು ಕರಗಿಸುತ್ತಿದ್ದೆ, ಬೆಂಕಿಗೆ ನೇರ ಇಡುತ್ತಿರಲಿಲ್ಲ. ಹೊಲಿಗೆಯ ಗುಂಟ ಮತ್ತೊಂದು ಕೈ ಹೆಚ್ಚು. ಮಳೆಗಾಲದಲ್ಲಿ ಗೋಡೆಗೆ ತಾಗದಂತೆ ಬಿದಿರಿನ ಗಳಕ್ಕೆ ಇಳಿಬಿಡುತ್ತಿದ್ದೆ. ಪ್ರೀತಿಯಿಂದ ನೋಡಿದವರಿಗೆ ಇಷ್ಟು ನೆನಪು ಉಳಿಯುತ್ತಿರಲಿಲ್ಲ. ಹೊಟ್ಟೆಕಿಚ್ಚಿನಿಂದ ನೋಡಿದ್ದಕ್ಕೇ ಎಲ್ಲ ಬಾಯಿಪಾಠವಾಯಿತು. ಆದರೆ ನನ್ನದಕ್ಕೆ ಹಚ್ಚಲಿಲ್ಲ. ನಿನ್ನನ್ನು ನೋಡಿ ಕಲಿತಳು ಎಂದು ಜನ ಅನ್ನುವುದು ನನಗೆ ಬೇಕಿರಲಿಲ್ಲ.

ಈ ಮಹಾನವಮಿಗೆ ನಿನ್ನ ಗಂಡ ಏನು ಮಾಡಿದ ಕೇಳು. ಮನೆಯ ಅರಿವೆಯ ಜೊತೆ ನಿನ್ನ ತಾಡಪತ್ರಿಯನ್ನೂ ಬಂಡಿಗೆ ಹೇರಿಕೊಂಡು ಕಾಲುವೆಗೆ ಬಂದ! ಒಂದು ಅಂಚು ಆಗಲೇ ನೀರಿನ ಕಡೆ ಜಾರುತ್ತಿತ್ತು. ನಾನು ಓಡಿ ಹೋಗಿ ಅದರ ಮೇಲೆ ಕಾಲಿಟ್ಟೆ.

"ಏ ಬಸಣ್ಣ, ಬಿಡು ಅದನ್ನ! ನೀರಿಗೆ ಹಾಕಿದ್ರ ನೋಡು ಮತ್ತ!"

"ಅತ್ತಿಗಿ, ಪ್ರತಿ ವರ್ಷಾ ನಿಮ್ಮದು ನೀವ ಒಗಸ್ತೀರಲ್ರಿ?"

ಪಕ್ಕದ ಮನೆಯ ಹುಲಿಗೆಮ್ಮನ ನಾಲಿಗೆ ಸುಮ್ಮನಿರುತ್ತದೆಯೇ? "ಅಕ್ಕಾರದು ಕಲ್ಲಿನ ಮ್ಯಾಲೆ, ನೆಗೆಣ್ಣಿದು ತಲಿ ಮ್ಯಾಲೆ!" ಎಂದಳು. ದಂಡೆಯ ಮೇಲಿದ್ದವರೆಲ್ಲ ನಕ್ಕರು. ನನ್ನನ್ನು ನೋಡಿ ಊರು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. "ಬಿಸಿಲಿಗೆ ಹಾಕಿ ಮಡಚಿ ಕಳಸ್ತೀನಿ" ಎಂದಷ್ಟೇ ಹೇಳಿ ಅದನ್ನು ನಮ್ಮ ಬಂಡಿಗೆ ಹಾಕಿಸಿದೆ. ಯಾಕೆ ತಡೆದೆ? ನಿನ್ನದೂ ನನ್ನದರಂತೆ ಸೋರತೊಡಗಿದರೆ, ಇನ್ನು ನಾನು ಯಾರ ಮೇಲೆ...

ಮಸ್ಕಿಯ ತವರಿಗೆ ಹೇಳಿ ಕಳಿಸಿ ಮೇಣ ತರಿಸಿದೆ. ಹಿತ್ತಲ ಬಾಗಿಲು ಹಾಕಿಕೊಂಡು, ಉರಿಬಿಸಿಲಲ್ಲಿ ಒಬ್ಬಳೇ ಮಂಡಿಯೂರಿ ನಿನ್ನದಕ್ಕೆ ಹಚ್ಚಿದೆ. ಎರಡು ಬೆರಳು ಸುಟ್ಟುಕೊಂಡೆ. ಮೇಲೆ ಒಂದು ಚೆಂಬು ನೀರು ಸುರಿದು ನೋಡಿದಾಗ, ಕಾದ ಹಂಚಿಗೆ ಬಿದ್ದಂತೆ ಹನಿಗಳು ಗುಂಡಗಾಗಿ ಓಡಿಹೋದವು. ಒಣಗಿಸಿ, ಮಡಚಿ ಬಸಣ್ಣನ ಮನೆಗೆ ಕಳಿಸಿದೆ, ಮೇಣದ ಮಾತು ಎತ್ತಲಿಲ್ಲ.

ಮೊನ್ನೆ ರಾಶಿ ಮಾಡಿದ ಬೆನ್ನಿಗೇ ಮಳೆ ಹೊಡೆಯಿತು. ಬೆಳಿಗ್ಗೆ ಬಸಣ್ಣ ತಾಡಪತ್ರಿ ಎತ್ತಿದ. ಕೆಳಗೆ ಭತ್ತ ಗರಿಗರಿ ಒಣಗಿತ್ತು. ಗೋಡೆಯ ಈಚೆ ನನ್ನ ರಾಶಿ ಹಬೆಯಾಡುತ್ತಿತ್ತು. ಹುಲಿಗೆಮ್ಮ ಒಂದು ಹಿಡಿ ಭತ್ತ ತೆಗೆದು ಎಲ್ಲರಿಗೂ ತೋರಿಸುತ್ತಾ, "ನೋಡ್ರಿ, ಸತ್ತರೂ ಶರಣಮ್ಮನ ಕೈಗುಣ ಹೋಗಿಲ್ಲ!" ಎಂದಳು. ಬಸಣ್ಣ ಕಣ್ಣೊರೆಸಿಕೊಂಡ. ನನ್ನ ಸುಟ್ಟ ಬೆರಳಿನ ಕಲೆ ಇನ್ನೂ ಮಾಸಿರಲಿಲ್ಲ. ಬಾಯಿ ತೆರೆದೆ, ಅವನ ಮುಖ ನೋಡಿ ಮುಚ್ಚಿಕೊಂಡೆ.

ಅದಕ್ಕೇ ನಿನಗೆ ಹೇಳುತ್ತಿದ್ದೇನೆ, ಕೇಳಿಸಿಕೋ. ಆ ಮೇಣ ಹಚ್ಚಿದವಳು ನಾನು. ಬರುವ ಮಹಾನವಮಿಗೆ ನನ್ನ ತಾಡಪತ್ರಿ ಕಾಲುವೆಗೆ ಹೋಗುವುದಿಲ್ಲ. ಬೀದಿಗೆ ಕಾಣುವ ಅಂಗಳದಲ್ಲೇ, ಹುಲಿಗೆಮ್ಮನ ಕಣ್ಣೆದುರಿಗೇ, ಎರಡಕ್ಕೂ ಹಚ್ಚುತ್ತೇನೆ. ಆಗಲೂ ಅವಳು ನಿನ್ನ ಹೆಸರನ್ನೇ ಹೇಳಲಿ ನೋಡೋಣ.

ನಿನ್ನ ಅಕ್ಕ