ಸೋದರಮಾವನ ಮಾತು

ಫೆಬ್ರವರಿ ೧೩, ೧೯೫೪

ಸ್ಕೂಲಿನಿಂದ ಬಂದು ಕೋಟು ಕಳಚುತ್ತಿದ್ದೆ. ಅಕ್ಕ ಪುಟ್ಟತಾಯಮ್ಮ ಮತ್ತೆ ಅದೇ ರಾಗ ಎಳೆದಳು. ನಾಳೆ ಅವಳ ಮಗಳು ಚೆಲುವಿಯ ಎಲೆ ಶಾಸ್ತ್ರ, ಗಂಡಿನವರೊಡನೆ ಮದುವೆ ಗೊತ್ತು ಮಾಡುವ ದಿನ. ಹುಡುಗಿಗೆ ಯಾವ ಕಾಯಿಲೆಯೂ ಇಲ್ಲವೆಂದು ವೀಳ್ಯದೆಲೆ ಹಿಡಿದು ಹೇಳಬೇಕಾದವನು ಸೋದರಮಾವ, ಅಂದರೆ ನಾನು. ಆಮೇಲೆ ಯಾರೂ ಕೆದಕುವಂತಿಲ್ಲ. ಚೆಲುವಿಗೆ ಮೂರ್ಛೆ ರೋಗ. ಡಾಕ್ಟರ ಗುಳಿಗೆ ದಿನಾ ನುಂಗಿದರೆ ಸುಮ್ಮನಿರುತ್ತದೆ.

"ಒಂದೇ ಒಂದು ಮಾತು ಕಣೋ ನಂಜಯ್ಯ. ನಿನ್ ಸತ್ಯ ನನ್ ಮಗಳಿಗೆ ತಾಳಿ ಕಟ್ತದಾ?"

"ಸುಳ್ಳು ಯಾವತ್ತಿದ್ದರೂ ಸುಳ್ಳೇ ಕಣಕ್ಕ" ಎಂದೆ, ಕ್ಲಾಸಿನಲ್ಲಿ ಹೇಳುವ ಹಾಗೆ. ಅಕ್ಕ ಊಟಕ್ಕೆ ಬಡಿಸಲಿಲ್ಲ.

ಫೆಬ್ರವರಿ ೧೪

ಹೇಳಿಬಿಟ್ಟೆ. ಸುಳ್ಳನ್ನೇ.

ನಿಜ ಹೇಳಲೆಂದೇ ಕೂತಿದ್ದೆ. ಬಾಗಿಲ ಸಂದಿಯಲ್ಲಿ ಚೆಲುವಿಯ ಮುಖ ಕಂಡಿತು... ಆಗಲಿಲ್ಲ. ಹುಡುಗನ ತಾಯಿ, ಹಿನಕಲ್ಲಿನ ಬೀರಮ್ಮ, ಕೈಮುಗಿದರು.

"ನೀವು ಯೋಳುದ್ರೆ ಸಾಕು ಮೇಷ್ಟ್ರೇ. ಇನ್ಯಾರ್ನೂ ಕೇಳಾಕಿಲ್ಲ."

ಅವರು ಬೈದಿದ್ದರೆ ವಾಸಿ ಇತ್ತು.

ಮೇ ೯

ಮದುವೆ ಮುಗಿಯಿತು. ಚೆಲುವಿ ನಗುನಗುತ್ತಲೇ ಗಂಡ ಚಿಕ್ಕಣ್ಣನ ಹಿಂದೆ ಗಾಡಿ ಹತ್ತಿದಳು. ನಾನು ಮಾಡಿದ್ದೇ ಸರಿ ಎನ್ನಿಸಿತು. ಮನೆಗೆ ಬಂದ ಮೇಲೆ ಎನ್ನಿಸಲಿಲ್ಲ.

ಆಗಸ್ಟ್ ೨೧

ಚಿಕ್ಕಣ್ಣ ಬಂದಿದ್ದ. ಚೆಲುವಿ ಬಾವಿಕಟ್ಟೆಯ ಮೇಲೆ ಬಿದ್ದು ಒದ್ದಾಡಿದಳಂತೆ. ಬಾಯಲ್ಲಿ ನೊರೆ.

"ಕಾಯ್ಲೆ ಇಲ್ಲ ಅಂತ ನೀವೇ ಯೋಳಿದ್ರಲ್ಲ ಮೇಷ್ಟ್ರೇ. ಅಂಗಾದ್ರೆ ಗಾಳಿನೇ ಮೆಟ್ಕಂಡಿರದು. ಶುಕ್ರವಾರ ಹಣೆಗೆ ಬರೆ ಹಾಕುಸ್ತೀವಿ."

ನನ್ನ ಮಾತಿನಿಂದಲೇ ದೆವ್ವವನ್ನು ಸಾಬೀತು ಮಾಡಿದ್ದಾರೆ! ನಾನು ಬಾಯಿ ಬಿಡಲಿಲ್ಲ. ಹೇಡಿ.

ಆಗಸ್ಟ್ ೨೨

ಹಿನಕಲ್ಲಿಗೆ ಹೋಗಿದ್ದೆ. ಗುಳಿಗೆ ಕಂಡರೆ ಯಾಕೆಂದು ಕೇಳುತ್ತಾರೆ ಅಂತ ಚೆಲುವಿ ಮದುವೆಯ ದಿನದಿಂದಲೇ ಬಿಟ್ಟಿದ್ದಾಳೆ. ನನ್ನ ಮಾತು ಉಳಿಸಲು! ನಾನು ಕೈಗೆ ಕೊಟ್ಟ ಗುಳಿಗೆ ಪೊಟ್ಟಣವನ್ನು ನನ್ನ ಜೇಬಿಗೇ ತುರುಕಿ ಕಾಲು ಹಿಡಿದುಕೊಂಡಳು.

"ನಿಮ್ಮ ದಮ್ಮಯ್ಯ ಮಾವ, ಯೋಳ್ಬೇಡಿ. ಬರೆ ತಡ್ಕತೀನಿ. ಇವ್ರನ್ನ ಬುಟ್ಟು ಇರಾಕಾಗಕಿಲ್ಲ."

ನಿಜ ಹೇಳಿದರೆ ಅವಳ ಸಂಸಾರ ಹೋಗುತ್ತದೆ. ಹೇಳದಿದ್ದರೆ ಹಣೆ ಸುಡುತ್ತದೆ. ದೇವರೇ, ಇದರಲ್ಲಿ ಯಾವುದು ಧರ್ಮ? ಮಕ್ಕಳಿಗೆ ಎಷ್ಟು ಸಲೀಸಾಗಿ ಪಾಠ ಹೇಳುತ್ತಿದ್ದೆ!

ಆಗಸ್ಟ್ ೨೭, ಶುಕ್ರವಾರ, ಬೆಳಿಗ್ಗೆ

ಬೀರಮ್ಮ ಒಬ್ಬರೇ ನಡೆದು ಬಂದಿದ್ದಾರೆ. ಜಗುಲಿಯಲ್ಲಿ ಕೂತು ಅಳುತ್ತಿದ್ದಾರೆ.

"ಎಣ್ಣು ಮಗೀನ ಸುಡಕ್ಕೆ ನಂಗೆ ಮನಸ್ಸಿಲ್ಲ ಮೇಷ್ಟ್ರೇ. ಈ ಕಾಯ್ಲೆ ಮೊದ್ಲೇ ಇತ್ತಾ? ಇತ್ತು ಅಂದ್ರೆ ಬರೆ ಬ್ಯಾಡ. ಆದ್ರೆ ಮನೇಲಿ ಮಾತ್ರ ಇಟ್ಕಳಾಕಿಲ್ಲ."

ಅಡಿಗೆಮನೆಯ ಬಾಗಿಲಲ್ಲಿ ಅಕ್ಕ, ಬೇಡ ಬೇಡವೆಂದು ಕೈಯಾಡಿಸುತ್ತಿದ್ದಾಳೆ. ಅಂಗಿ ಹಾಕಿಕೊಂಡು ಬರುತ್ತೇನೆಂದು ಒಳಗೆ ಬಂದವನು ಇದನ್ನು ಗೀಚುತ್ತಾ ಕೂತಿದ್ದೇನೆ. ಕರೆಯುತ್ತಿದ್ದಾರೆ...

ಇತ್ತು ಎನ್ನುತ್ತೇನೆ. ಇಲ್ಲ, ಆ ಹುಡುಗಿ ಕಾಲು ಹಿಡಿದುಕೊಂಡಳಲ್ಲ... ಆದರೂ ಇತ್ತು ಎಂದೇ—